ಜೋಲಿಯಿಂದ ಇಳಿದ ಕೂಸು

ಒಂದೂರಿನಲ್ಲಿ ಒಬ್ಬಳು ಅಜ್ಜಿ. ಅವಳಿಗೆ ಸಾವಿರಾರು ಮಕ್ಕಳು, ಒಬ್ಬನೇ ಮೊಮ್ಮಗ. ಊರು ಮಧುವನಹಳ್ಳಿ, ಅಜ್ಜಿ ಚಿಕ್ಕಬಸಮ್ಮ. ಸಾವಿರಾರು ಮಕ್ಕಳೆಂದರೆ ಅವಳು ಸಾಕುವ ರೇಷ್ಮೆ ಹುಳುಗಳು.

ಮೊಮ್ಮಗ ಮಹದೇವುಗೆ ಒಂದೂವರೆ ವರ್ಷ ತುಂಬಿದರೂ ನಡಿಗೆ ಬಂದಿರಲಿಲ್ಲ. ಹುಳು ಸೊಪ್ಪು ಮೇಯುವ ಹಾಗೆ ಭಯ ಅಜ್ಜಿಯ ಎದೆಯನ್ನು ಮೇಯುತ್ತಿತ್ತು. “ಮಾದಪ್ಪಾ, ಕೂಸು ತನ್ ಕಾಲಲ್ಲೇ ನಡ್ಕಂಡ್ ಬಂದು ನಿನ್ ಗುಡಿ ಮೆಟ್ಲಿಗೆ ಊವ ಮಡಗ್ತನೆ” ಎಂದು ಹರಕೆ ಹೊತ್ತಳು.

ಒಂದು ದಿನ ಸೊಸೆ ಸೌಮ್ಯ, ಆಶಾ ಕಾರ್ಯಕರ್ತೆ ಸೋಮಮ್ಮನ ಜೊತೆ ಕೊಳ್ಳೇಗಾಲಕ್ಕೆ ಹೋಗಿ ಮಗುವನ್ನು ಡಾಕ್ಟರಿಗೆ ತೋರಿಸಿ ಬಂದಳು.

“ಕಾಲಲ್ಲಿ ಏನೂ ಊನ ಇಲ್ವಂತೆ ಅತ್ತೆ! ನೆಲದ ಮ್ಯಾಲೆ ಆಡಕ್ಕೆ ಬುಡಿ ಅಂದ್ರು.”

ಅಜ್ಜಿಯ ಎದೆ ಹಗುರಾಯಿತು. ಆದರೂ ಮಗುವನ್ನು ಮತ್ತೆ ಸೀರೆಯ ಜೋಲಿಗೇ ಹಾಕಿದಳು. “ನೆಲದ ತುಂಬ ಸೊಪ್ಪು, ಕಡ್ಡಿ. ಬಾಯ್ಗೆ ಆಕಬುಟ್ರೆ? ಜೋಲೀಲಿ ರಾಜನಂಗವ್ನೆ. ಅತ್ರೆ ಮೊಬೈಲು ಕೊಟ್ರಾಯ್ತು.”

“ಮೊಬೈಲು ನೋಡುದ್ರೆ ಕಣ್ಣು ಓಡ್ತದೆ ದೊಡ್ಡವ್ವಾ, ಕಾಲು ಓಡಲ್ಲ” ಎಂದಳು ಸೋಮಮ್ಮ.

ಚಿಕ್ಕಬಸಮ್ಮ ಹುಳುಗಳ ತಟ್ಟೆಯತ್ತ ತಿರುಗಿದಳು. ಒತ್ತೊತ್ತಾಗಿದ್ದ ಹುಳುಗಳನ್ನು ಎತ್ತಿ ಬೇರೆ ತಟ್ಟೆಗೆ ಬಿಡತೊಡಗಿದಳು.

“ಅದ್ಯಾಕೆ ಬುಡುಸ್ತಿದ್ದೀರಿ?” ಸೋಮಮ್ಮ ಕೇಳಿದಳು.

“ಇಷ್ಟೂ ಗೊತ್ತಿಲ್ವಾ ಕಣಮ್ಮಿ? ಬೆಳ್ಯೋ ಉಳಕ್ಕೆ ಜಾಗ ಬ್ಯಾಡ್ವಾ? ಒತ್ತಾದ್ರೆ ಮೇಯಲ್ಲ, ಸೊರಗೋಯ್ತವೆ.”

“ಅಂಗಾರೆ ಉಳಕ್ಕೆ ತಟ್ಟೆ ಮ್ಯಾಲೆ ತಟ್ಟೆ, ಮೊಮ್ಮಗಂಗೆ ಸೀರೆ ಗಂಟಾ?”

ಅಜ್ಜಿಯ ಕೈ ಅಲ್ಲೇ ನಿಂತಿತು. ಜೋಲಿಯಿಂದ ಎರಡು ಪುಟ್ಟ ಕಾಲು ಜೋತಾಡುತ್ತಿದ್ದವು.

“ಥೂ, ನನ್ ಬುದ್ದಿಗಿಷ್ಟು! ಸೌಮ್ಯಾ, ಜಗಲಿ ಗುಡ್ಸವ್ವ. ಚಾಪೆ ತತ್ತಾ.”

ಅಂದಿನಿಂದ ಜೋಲಿ ನಿದ್ದೆಗೆ ಮಾತ್ರ. ಮಹದೇವು ಉರುಳುವ ಲೋಟದ ಹಿಂದೆ ತೆವಳಿದ, ಗೋಡೆ ಹಿಡಿದು ನಿಂತ. ಆಡಿ ದಣಿದವನು ಸೊಪ್ಪು, ಬೇಳೆ ಹಾಕಿ ಮಿದ್ದ ಅನ್ನವನ್ನು ಕೇಳಿ ಕೇಳಿ ತಿಂದ.

ಅವ್ವಂದಿರೇ, ಅಕ್ಕಂದಿರೇ, ನಿಮ್ಮ ಕೂಸನ್ನೂ ಜೋಲಿಯಿಂದ ಇಳಿಸಿ. ಗುಡಿಸಿದ ನೆಲ, ಎಳೆಬಿಸಿಲು, ಹೊಟ್ಟೆ ತುಂಬ ಊಟ, ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಲಿ. ಮೈ ಬೆಳೆಯುವುದು ಆಟದಲ್ಲಿ. ಒಂದೂವರೆ ವರ್ಷವಾದರೂ ನಡೆಯದಿದ್ದರೆ ಹರಕೆಯೊಂದನ್ನೇ ನಂಬಿ ಕೂರಬೇಡಿ, ಡಾಕ್ಟರಿಗೂ ತೋರಿಸಿ.

ಅಜ್ಜಿಯ ಹರಕೆ ಏನಾಯಿತು ಅಂತೀರಾ?

ಕೆಲವು ತಿಂಗಳ ಮೇಲೆ ಮಾದಪ್ಪನ ಬೆಟ್ಟದಲ್ಲಿ, ಗುಡಿಯ ಮುಂದೆ, ಸೌಮ್ಯ ಮಗನನ್ನು ಕೆಳಗಿಳಿಸಿದಳು. ಎರಡು ಹೆಜ್ಜೆಗೇ ಮಹದೇವು ಮುಗ್ಗರಿಸಿ ಕುಕ್ಕರಿಸಿದ. ಎತ್ತಿಕೊಳ್ಳಲು ಬಗ್ಗಿದ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. ಅವನೇ ಎದ್ದ. ತೂರಾಡುತ್ತಾ ನಡೆದ. ಮುಷ್ಟಿಯಲ್ಲಿ ನಲುಗಿದ್ದ ಸೇವಂತಿಗೆಯನ್ನು ಮೆಟ್ಟಿಲ ಮೇಲೆ ಇಟ್ಟ.