ಕೊಳವೆಯ ತಿರುವಿನಲ್ಲಿ ಹತ್ತಿದ ಬೆಂಕಿ

ಬೆಟಗೇರಿಯ ನೇಕಾರ ಮನೆತನದ ಬನಶಂಕರೆವ್ವ ನ್ಯುಮೋನಿಯಾದಿಂದ ಗದಗಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ಹಿಂದಿನ ಆಕ್ಸಿಜನ್ ಕೋಣೆಯಲ್ಲಿ ಢಬ್ ಎಂದು ಸದ್ದಾಯಿತು. ಆ ಕೋಣೆಯ ಕೆಲಸಗಾರ ಪ್ರಲ್ಹಾದ ಸಿಲಿಂಡರ್ ಸಾಲಿನ ವಾಲ್ವ್ ತೆರೆಯುತ್ತಿದ್ದಂತೆ ಉಕ್ಕಿನ ಕೊಳವೆಯ ತಿರುವು ಒಳಗಿನಿಂದಲೇ ಉರಿದು ತೂತಾಗಿತ್ತು. ಅಂಗೈ ಸುಟ್ಟರೂ ಅವನು ಓಡಲಿಲ್ಲ. ಆ ಸಾಲನ್ನು ಮುಚ್ಚಿ ಇನ್ನೊಂದನ್ನು ತೆರೆದ. ವಾರ್ಡಿನಲ್ಲಿ ಯಾರ ಉಸಿರೂ ನಿಲ್ಲಲಿಲ್ಲ.

ತಾಯಿ ಚೇತರಿಸಿಕೊಂಡ ಮೇಲೆ ಮಗಳು ವಿದ್ಯಾಶ್ರೀ ಕೃತಜ್ಞತೆ ಹೇಳಲು ಅವನನ್ನು ಹುಡುಕಿಕೊಂಡು ಹೋದಳು. ಆಸ್ಪತ್ರೆಯವರು ಕೆಲಸದಿಂದ ದೂರವಿಟ್ಟಿದ್ದರಿಂದ ಅವನು ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ.

"ವಾಲ್ವ್ ಝಟ್ಟನ ತಿರುವಿದಿ, ಅದಕ್ಕ ಬೆಂಕಿ ಹತ್ತೇತಿ ಅಂತಾರ್ರಿ. ನಾ ಸಾವಕಾಶನ ತಿರುವಿದ್ದೆ. ಖರೇನ ಹೇಳಾಕತ್ತೇನ್ರಿ."

"ಅದನ್ನ ಅಳದು ನೋಡಾಕ ಬರತೈತ್ರಿ ಅಣ್ಣಾರ. ನನ್ನ ಕೆಲಸನ ಅದು."

ವಿದ್ಯಾಶ್ರೀ ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಇಂಥ ಬೆಂಕಿಗಳನ್ನೇ ಅಭ್ಯಾಸ ಮಾಡುತ್ತಿದ್ದಳು. ಒತ್ತಿ ತುಂಬಿದ ಆಕ್ಸಿಜನ್ನಿನಲ್ಲಿ ಉಕ್ಕೂ ಉರಿಯುತ್ತದೆ. ಕೊಳವೆಯಲ್ಲಿ ಉಳಿದ ಲೋಹದ ಪುಡಿ ಅನಿಲದ ಜೊತೆ ಹಾರಿ ಗೋಡೆಗೆ ಬಡಿದರೆ, ಆ ಪೆಟ್ಟಿನ ಕಾವೇ ಕಿಡಿಯಾಗಲು ಸಾಕು. ಎಷ್ಟು ವೇಗದಲ್ಲಿ ಬಡಿಯಿತು ಎಂಬುದೇ ಪ್ರಶ್ನೆ.

ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರ್ ಕಾವೇರಿ ಪರೀಕ್ಷೆಗೆ ಒಪ್ಪಿ, ಅದೇ ಬಗೆಯ ವಾಲ್ವನ್ನೂ ತಿರುವನ್ನೂ ಕೊಟ್ಟರು. ವಿದ್ಯಾಶ್ರೀ ಕೊಳವೆಗೆ ದಪ್ಪ ಗಾಜಿನ ಕಿಟಕಿ ಕೂಡಿಸಿ, ಆಕ್ಸಿಜನ್ ಬದಲು ಉರಿಸದ ನೈಟ್ರೋಜನ್ ಹರಿಸಿದಳು. ಅದರೊಳಗೆ ಉಕ್ಕಿನ ಪುಡಿ ಬಿಟ್ಟು, ಅತಿವೇಗದ ಕ್ಯಾಮೆರಾದಿಂದ ಚಿತ್ರ ತೆಗೆದಳು. ಒಂದು ಚಿತ್ರದಿಂದ ಇನ್ನೊಂದಕ್ಕೆ ಕಣ ಸರಿದ ದೂರವೇ ಅದರ ವೇಗ ಹೇಳುತ್ತಿತ್ತು. ವಾಲ್ವನ್ನು ಒಮ್ಮೆ ರಭಸದಿಂದ, ಇನ್ನೊಮ್ಮೆ ನಿಧಾನವಾಗಿ ತೆರೆದಳು. ವೇಗ ಹೆಚ್ಚೇನೂ ತಗ್ಗಲಿಲ್ಲ. ಅರೆ ತೆರೆದ ವಾಲ್ವಿನ ಸಂದಿಯಲ್ಲಿ ನುಗ್ಗುವಾಗಲೇ ಅನಿಲಕ್ಕೆ ಆ ರಭಸ ಬರುತ್ತಿತ್ತು. ತಿರುವು ಅದರ ಮಗ್ಗುಲಲ್ಲೇ ಇತ್ತು. ಕಣಗಳು ಬಡಿಯುವ ಜಾಗಕ್ಕೂ ಸುಟ್ಟ ತೂತಿಗೂ ಸರಿಯಾಗಿ ತಾಳೆಯಾಯಿತು.

ಫಲಿತಾಂಶ ನೋಡಿದ ಕಾವೇರಿ ತಾವೇ ಪ್ರಲ್ಹಾದನ ಮನೆಗೆ ಬಂದರು.

"ತಪ್ಪು ನಮ್ಮ ಕೊಳವಿಯೊಳಗಿತ್ತು. ನಿಮ್ಮ ಮ್ಯಾಲೆ ಹಾಕಿದ್ವಿ. ಮನಸಿನಾಗ ಇಟ್ಕೋಬ್ಯಾಡ್ರಿ, ಕೆಲಸಕ್ಕ ಬರ್ರಿ."

ಅವನ ಹೆಂಡತಿ ಒಳಗಿನಿಂದ ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಳು.

ವಾಲ್ವಿನಿಂದ ದೂರಕ್ಕೆ, ಉಕ್ಕಿನಂತೆ ಸುಲಭವಾಗಿ ಉರಿಯದ ತಾಮ್ರದ ತಿರುವು ಬಂತು, ಪುಡಿ ತಡೆಯಲು ಜಾಲರಿಯೂ ಬಂತು. ಕೆಲಸಕ್ಕೆ ಮರಳಿದ ಪ್ರಲ್ಹಾದನನ್ನು ಕಾಣಲು ಬನಶಂಕರೆವ್ವ ಮಗಳ ತೋಳು ಹಿಡಿದು ನಡೆದು ಬಂದಳು. ಅವನ ಕಲೆಬಿದ್ದ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಐತಾರ ಮನಿಗೆ ಊಟಕ್ಕ ಬಾರಪಾ," ಎಂದಳು. "ಹೆಂಡ್ತಿ ಮಕ್ಕಳನ್ನೂ ಕರಕೊಂಡ ಬಾ. ನಾನ ಹೋಳಿಗಿ ಮಾಡ್ತೇನಿ."

"ಆತ್ರಿ ಅವ್ವಾರ, ಬರ್ತೇವಿ," ಎಂದ ಪ್ರಲ್ಹಾದ.