ಏಳು ಬಟ್ಟಲಿನ ಡಬ್ಬಿ

ಮಾಳಮಡ್ಡಿಯ ದಾಕ್ಷಾಯಿಣಿಯವರ ಅಡುಗೆಮನೆಯಲ್ಲಿ ಎರಡು ಒಗ್ಗರಣೆ ಡಬ್ಬಿಗಳಿದ್ದವು. ಒಂದರಲ್ಲಿ ಸಾಸಿವೆ, ಜೀರಿಗೆ, ಅರಿಸಿನ. ಇನ್ನೊಂದರಲ್ಲಿ ಗುಳಿಗೆ. ಅದೂ ದುಂಡನೆಯ ಸ್ಟೀಲ್ ಡಬ್ಬಿಯೇ, ಒಳಗೆ ಅಂಥವೇ ಏಳು ಪುಟ್ಟ ಬಟ್ಟಲು. ಗಂಟಲು ಕೆರೆತಕ್ಕೊಂದು, ಜ್ವರಕ್ಕೊಂದು, ಹೊಟ್ಟೆ ಕೆಟ್ಟರೊಂದು, ಗಾಯ ಕೀವಾದರೊಂದು. ಯಾವಾಗಲೋ ಡಾಕ್ಟರು ಬರೆದುಕೊಟ್ಟು, ಮೈ ಆರಾಮಾದ ಮೇಲೆ ಉಳಿದ ಗುಳಿಗೆಗಳೆಲ್ಲ ಅಲ್ಲಿ ಬಂದು ಸೇರುತ್ತಿದ್ದವು. ಯಜಮಾನರಾದ ಶಾಂತಯ್ಯ ಹತ್ತಿ ವ್ಯಾಪಾರ ಮಾಡಿದವರು, ಚೀಲದ ಮೂಲೆಯಲ್ಲಿ ಉಳಿದ ಹಿಡಿ ಹತ್ತಿಯನ್ನೂ ಬಿಟ್ಟವರಲ್ಲ. ಇನ್ನು ಗುಳಿಗೆ ಬಿಟ್ಟಾರೆಯೇ?

ಓಣಿಯಲ್ಲಿ ಆ ಡಬ್ಬಿಗೆ ಭಾರಿ ಮರ್ಯಾದೆ. ಪಕ್ಕದ ಮನೆಯ ಪ್ರಭಾವತಿಗೆ ಮೂಗು ಸೋರಿದರೆ ಸಾಕು, ಬಂದು ಒಂದೆರಡು ಕ್ಯಾಪ್ಸೂಲು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ದಾಕ್ಷಾಯಿಣಿಯವರಿಗೆ ಅದರ ಜಂಬವಿತ್ತೇ ಎಂದರೆ, ಸುಳ್ಳೇಕೆ, ಬೇಕಾದಷ್ಟಿತ್ತು.

ಹೀಗಿರುವಾಗ ಶಾಂತಯ್ಯನವರ ಹೆಬ್ಬೆರಳಿಗೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಮೊದಲೇ ಸಕ್ಕರೆ ಕಾಯಿಲೆಯ ಕಾಲು. ಡಬ್ಬಿ ಕೆಳಗಿಳಿಯಿತು. ಗಾಯದ ಬಟ್ಟಲಿನ ಗುಳಿಗೆ ನುಂಗಿದರು, ಕೀವು ಒಣಗಿದಂತೆ ಕಂಡಿತು, ನಿಲ್ಲಿಸಿದರು. ಮತ್ತೆ ಸೋರಿತು. ಈ ಸಲ ಜ್ವರದ ಬಟ್ಟಲಿನದು. ಅದನ್ನೂ ಆರಾಮೆನಿಸಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಜೋಪಾನವಾಗಿ ಎತ್ತಿಟ್ಟರು. ಹೀಗೆ ಬಟ್ಟಲಿನಿಂದ ಬಟ್ಟಲಿಗೆ ಅಲೆಯುವುದರೊಳಗೆ ಬೆರಳು ಕಪ್ಪಿಡತೊಡಗಿತು.

ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರ್ ಶಿವಯೋಗೀಶ ಮುಚ್ಚುಮರೆ ಮಾಡಲಿಲ್ಲ. ಕೀವನ್ನು ಲ್ಯಾಬಿಗೆ ಕಳಿಸಿದ್ದೇನೆ, ಅದರೊಳಗಿನ ರೋಗದ ಹುಳ ಯಾವುದಾದರೂ ಒಂದು ಔಷಧಿಗೆ ಬಗ್ಗಿದರೆ ಬೆರಳು ಉಳಿದೀತು, ಇಲ್ಲದಿದ್ದರೆ ತೆಗೆಯಬೇಕಾದೀತು ಎಂದರು. ಶಾಂತಯ್ಯ ಗೋಡೆಯತ್ತ ಹೊರಳಿ ಮಲಗಿದರು. ಬೆಳಗಾದರೆ ಕೆಲಗೇರಿ ಕೆರೆಯ ದಂಡೆಗೆ ಒಂದು ಸುತ್ತು ಹೋಗಿ ಬಾರದಿದ್ದರೆ ಆ ಮನುಷ್ಯನಿಗೆ ಚಹಾ ರುಚಿಸುತ್ತಿರಲಿಲ್ಲ.

ಬೇರೆಯವರಾಗಿದ್ದರೆ ಶಿವನನ್ನು ನೆನೆಯುತ್ತ ರಿಪೋರ್ಟಿಗೆ ಕಾದು ಕೂತಿರುತ್ತಿದ್ದರು. ದಾಕ್ಷಾಯಿಣಿಯವರಿಗೆ ಹೆದರಿಕೆ ಎಷ್ಟಿತ್ತೋ ಕುತೂಹಲವೂ ಅಷ್ಟೇ ಇತ್ತು. ಕಣ್ಣಿಗೇ ಕಾಣದ ಹುಳ ಬಗ್ಗಿತೋ ಇಲ್ಲವೋ ಇವರಿಗೆ ಹೇಗೆ ಗೊತ್ತಾಗುತ್ತದೆ? ಅದನ್ನೇ ಕರೆದು ಕೇಳುತ್ತಾರೇನು? ರಿಪೋರ್ಟಿನ ದಿನ ಲ್ಯಾಬಿನ ಗಾಜಿನ ಕಿಂಡಿಯ ಮುಂದೆ ಹೋಗಿ ನಿಂತೇಬಿಟ್ಟರು. ಅಲ್ಲಿ ಪರೀಕ್ಷೆ ಮಾಡುವ ಪ್ರಾಚಿ ಎಂಬ ಹುಡುಗಿ, ಕಾಗದ ಡಾಕ್ಟರಿಗೇ ಹೋಗುತ್ತದೆ, ನೀವು ಹೋಗಿರಿ ಎಂದಳು. ಇವರು ಕದಲಲಿಲ್ಲ. ನೋಡಿ ನೋಡಿ ಸಾಕಾಗಿ ಆಕೆ ಮುಚ್ಚಳ ಬಿಗಿದ ಪುಟ್ಟ ತಟ್ಟೆಯೊಂದನ್ನು ತಂದು ಗಾಜಿನ ಆ ಕಡೆಯಿಂದ ಹಿಡಿದಳು.

ದಾಕ್ಷಾಯಿಣಿ ಕನ್ನಡಕ ಏರಿಸಿದರು. ಅರೆ, ಇದು ತಮ್ಮ ಡಬ್ಬಿಯೇ! ದುಂಡನೆಯ ತಟ್ಟೆ, ಬಟ್ಟಲು ಜೋಡಿಸಿದ ಹಾಗೆ ಒಳಗೆ ಸುತ್ತಲೂ ಪುಟ್ಟ ಪುಟ್ಟ ಬಿಳಿ ಬಿಲ್ಲೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ ಇದೆ, ನಡುವೆ ಮಸುಕು ಮಸುಕಾಗಿ ಹಬ್ಬಿರುವುದೇ ಯಜಮಾನರ ಗಾಯದ ಹುಳ ಎಂದು ಪ್ರಾಚಿ ಹೇಳಿದಳು. ಇವರಿಗೆ ಹುರುಪು ಬಂತು. ಬಿಲ್ಲೆಗೆ ಬೆರಳು ಮಾಡಿ ಮಾಡಿ ಹೆಸರು ಕೇಳಿದರು. ಅಮಾಕ್ಸಿಸಿಲಿನ್ ಎಂದಳು.

“ಐತಿ ನಮ್ಮನ್ಯಾಗ,” ಎಂದರು.

ಸಿಪ್ರೋಫ್ಲಾಕ್ಸಸಿನ್. ಅದೂ ಇತ್ತು. ಅಜಿಥ್ರೋಮೈಸಿನ್. ಅದಂತೂ ಪ್ರಭಾವತಿಗೆ ಕೊಟ್ಟೂ ಮಿಕ್ಕಿತ್ತು. ಸಾಲೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ ಹುಡುಗಿಯ ಹಾಗೆ ದಾಕ್ಷಾಯಿಣಿ ಹಿಗ್ಗುತ್ತ ಹೋದರು. ಒಂದೇ ಒಂದು ಬಿಲ್ಲೆಯ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಅದು ಇಂಜೆಕ್ಷನ್ನಿನಲ್ಲಿ ಮಾತ್ರ ಕೊಡುವ ಔಷಧಿಯಂತೆ. ಅದರ ಸುತ್ತ ಮಸುಕಿಲ್ಲದೆ ಉಂಗುರದಷ್ಟು ಜಾಗ ತಿಳಿಯಾಗಿತ್ತು.

“ಇದೊಂದರ ಸುತ್ತ ಯಾಕ ತಂಗಿ ಹಿಂಗ ಖಾಲಿ ಐತಿ?”

“ಅಲ್ಲಿ ಹುಳ ಬೆಳಿಯಾಕ ಆಗಿಲ್ರಿ ಆಂಟಿ, ಆ ಔಷಧಕ್ಕ ಬಗ್ಗ್ಯಾವ. ಬಾಕಿ ಬಿಲ್ಲಿಗೋಳ ಬುಡಕ್ಕ ಬಂದು ಆರಾಮ ಬೆಳದಾವ ನೋಡ್ರಿ, ಅವಕ್ಕೇನೂ ಅಂಜಂಗಿಲ್ಲ.”

ಯಾಕೆ ಅಂಜುವುದಿಲ್ಲ ಎಂಬುದನ್ನೂ ಕೇಳಿದರು, ಕೇಳದೆ ಬಿಡುವವರೇ ಅಲ್ಲ. ಡಾಕ್ಟರ್ ಹೇಳಿದಂತೆ ತೆಗೆದುಕೊಳ್ಳದೆ ಇವತ್ತೊಂದು ನಾಳೆಯೊಂದು ಅಂತ ಚೂರುಪಾರು ನುಂಗಿದರೆ ಬಡಪಾಯಿ ಹುಳ ಸಾಯುತ್ತವೆ, ಗಟ್ಟಿಗವು ಉಳಿದು ಸಂಸಾರ ಬೆಳೆಸುತ್ತವೆ, ಆಮೇಲೆ ಆ ಔಷಧಿ ಅವಕ್ಕೆ ಬರೀ ನೀರು ಎಂದಳು ಪ್ರಾಚಿ.

ದಾಕ್ಷಾಯಿಣಿ ಮತ್ತೆ ತಟ್ಟೆಯತ್ತ ಬಗ್ಗಿದರು. ಎಲ್ಲೆಲ್ಲಿ ಐತಿ ಎಂದಿದ್ದರೋ ಅಲ್ಲೆಲ್ಲ ಮಸುಕು ಬಿಲ್ಲೆಯ ಅಂಚಿಗೇ ಬಂದು ಮುಟ್ಟಿತ್ತು. ಗಂಡನ ಕೈಗೆ ನೀರಿನ ಲೋಟ ಕೊಟ್ಟು, ನುಂಗ್ರಿ ಎಂದವರು ತಾವೇ. ನಿಲ್ಲಿಸ್ರಿ ಎಂದವರೂ ತಾವೇ. ನಾಚಿಕೆಗೆ ಮುಖ ಬಿಸಿಯಾಯಿತು. ಆದರೂ ಕಣ್ಣು ಆ ತಿಳಿ ಉಂಗುರದ ಮೇಲೇ ನಿಂತಿತ್ತು.

“ಇದೊಂದು ನನ್ನ ಡಬ್ಬ್ಯಾಗ ಇರಲಿಲ್ಲ ತಂಗಿ,” ಎಂದರು ಮೆಲ್ಲಗೆ. “ಅದಕ್ಕ ಇನ್ನೂ ಕೆಲಸ ಮಾಡಾಕತ್ತೈತಿ.”

ಅಂದಿನಿಂದಲೇ ಆ ಇಂಜೆಕ್ಷನ್ ಶುರುವಾಯಿತು. ಉಗುರು ಹೋಯಿತು, ಬೆರಳು ಉಳಿಯಿತು. ಕಪ್ಪು ಸರಿದು ಕೆಂಪು ಮೂಡಿದ ದಿನ ಡಾಕ್ಟರ್ ನಕ್ಕರು, ಆದರೆ ತಂದಿಟ್ಟ ಇಂಜೆಕ್ಷನ್ ಬಾಟಲಿಗಳೆಲ್ಲ ಮುಗಿಯುವ ತನಕ ಚುಚ್ಚಿಸಿಕೊಳ್ಳಲೇಬೇಕು ಎಂದು ಹೇಳಿ ಹೋದರು. ಶಾಂತಯ್ಯ ಹಾಸಿಗೆಯಲ್ಲಿ ಎದ್ದು ಕೂತು ಕಪಾಟಿನ ಮೇಲಿದ್ದ ಪುಟ್ಟ ಬಾಟಲಿಗಳ ಕಡೆ ನೋಡಿದರು. ಮುಖದ ಮೇಲೆ ಹಳೆಯ ವ್ಯಾಪಾರಿ ಬಂದು ಕೂತಿದ್ದ.

“ಆರಾಮ ಆತಲ್ಲ, ಇನ್ನ್ಯಾಕ ಚುಚ್ಚಿಸ್ಕೊಳ್ಳೂದು? ಉಳದದ್ದು ಮನಿಗೆ ಒಯ್ಯೂಣು. ನಿನ್ನ ಡಬ್ಬ್ಯಾಗ ಒಂದು ಬಟ್ಟಲ ಖಾಲಿ ಇರಬೇಕಲ್ಲ?”

ದಾಕ್ಷಾಯಿಣಿ ಬಾಟಲಿಗಳನ್ನೆಲ್ಲ ಬಳಿದು ಮಡಿಲಿಗೆ ಹಾಕಿಕೊಂಡು, ನರ್ಸ್ ಬರುವ ಬಾಗಿಲ ಕಡೆ ಮುಖ ಮಾಡಿ ಕೂತರು.

“ಇದೊಂದು ನನ್ನ ಡಬ್ಬಿ ಮುಖ ನೋಡೂದು ಬ್ಯಾಡ್ರಿ.”