ಐದರಲ್ಲಿ ಎಷ್ಟು

ಗಂಡನ ಬಲಗೈ ತೊಳೆಯುತ್ತಿದ್ದಾಗ ಚಿಣ್ಣಮ್ಮನ ಹೆಬ್ಬೆರಳಿಗೆ ಏನೋ ಚುಚ್ಚಿತು. ಮಾಚಯ್ಯನ ತೋರುಬೆರಳಿನ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ತಂತಿಯೊಂದು ನೆಟ್ಟು ನಿಂತಿತ್ತು. ಉಗುರಿನಲ್ಲಿ ಹಿಡಿದು ಎಳೆದಳು. ಇಂಚಿನಷ್ಟು ಬಂತು. ರಕ್ತ ಬರಲಿಲ್ಲ.

"ಆಂಟೆನಾ ವೈರ್," ಎಂದಳು ಮಗಳು ದಿಶಾ, ನೀರಿನ ಚೊಂಬು ಹಿಡಿದುಕೊಂಡೇ. "ಪಪ್ಪ ಲಾಸ್ಟ್ ತಕ್ ಅದೇ ಮಾಡ್ತಿದ್ರು."

ಚಿಣ್ಣಮ್ಮ ತಂತಿಯನ್ನು ಸೆರಗಿನ ತುದಿಗೆ ಸೇರಿಸಿ ಗಂಟು ಹಾಕಿದಳು. ಎಸೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಮದುವೆಯ ದಿನ ತೊಟ್ಟಿದ್ದ ಮೊಣಕಾಲುದ್ದದ ಬಿಳಿ ನಿಲುವಂಗಿ, ಕುಪ್ಯವನ್ನೇ ಹೆಣಕ್ಕೂ ತೊಡಿಸಿದರು. ಹೊಟ್ಟೆಯ ಮೇಲೆ ಕೂಡಲಿಲ್ಲ. ಬೆನ್ನಿನ ಕಡೆ ಕತ್ತರಿ ಹಾಕಬೇಕಾಯಿತು.

ಮಾಚಯ್ಯ ವಾಯುಸೇನೆಯಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾಗಿ ನೋಯ್ಡಾದಲ್ಲಿ ಫ್ಲ್ಯಾಟ್ ಕೊಂಡ. ಫ್ಲ್ಯಾಟಿನಲ್ಲಿ ಕೂರಲಾಗದೆ, ಹಳೆಯ ಸ್ನೇಹಿತ ಪೈಲಟ್ ಮುರಳೀಧರನ ಜೊತೆ ಸೇರಿ, ಊರಾಚೆಯ ಸಣ್ಣ ಏರ್‌ಸ್ಟ್ರಿಪ್‌ನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೂತು ಎರಡು ಸೀಟಿನ ವಿಮಾನ ಕಟ್ಟಿದ. ನಿನ್ನೆ ಬೆಳಿಗ್ಗೆ ಅದೇ ಶೆಡ್ಡಿನಲ್ಲಿ, ವಿಮಾನದ ಸೀಟು ಬಿಚ್ಚಿಟ್ಟು ಅದರ ಕೆಳಗೆ ತಲೆ ತೂರಿಸಿಕೊಂಡಿದ್ದಾಗ ಎದೆ ನಿಂತುಹೋಯಿತು. ಮುರಳೀಧರ ಬಂದು ನೋಡುವಾಗ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು.

ಸ್ಮಶಾನ ಏರ್‌ಸ್ಟ್ರಿಪ್‌ಗೆ ಎರಡೇ ಕಿಲೋಮೀಟರ್. ಕಟ್ಟಿಗೆ ಜೋಡಿಸುವಾಗ ಚಿಣ್ಣಮ್ಮನ ಅಣ್ಣ ಅಚ್ಚಪ್ಪ ಗೊಣಗಿದ. "ಊರಲ್ಲಾಗಿದ್ದರೆ ಸತ್ತ ಕೂಡಲೇ ಎರಡು ಗುಂಡು ಹಾರಿಸ್ತಿದ್ವಿ. ಇಲ್ಲಿ ಕೋವಿ ತೆಗೆದರೆ ಪೊಲೀಸರು ಹೆಣ ಬಿಟ್ಟು ನಮ್ಮನ್ನ ಹೊತ್ಕೊಂಡು ಹೋಗ್ತಾರೆ."

"ಅದಕ್ಕೇ ಎರಡು ಸುತ್ತು," ಎಂದ ಮುರಳೀಧರ. "ಅವನ ವಿಮಾನ, ಅವನ ಮೇಲೆ ಎರಡು ಸುತ್ತು. ಸ್ಟ್ರಿಪ್‌ನವರು ಅಚ್ಛಾ ಅಂದಿದ್ದಾರೆ."

"ರೇಡಿಯೋ?" ಚಿಣ್ಣಮ್ಮ ಕೇಳಿದಳು.

"ಹೊಸ ಆಂಟೆನಾ ಹಾಕಿದ್ದಾನೆ ಅತ್ತಿಗೆ. ಬೆಳಿಗ್ಗೆ ನೆಲದ ಮೇಲೆ ನೋಡಿದೆ, ಐದಕ್ಕೆ ಐದು. ಬಿಚ್ಚಿದ್ದ ಸೀಟನ್ನ ನಾನೇ ಕೂರಿಸಿ ಸ್ಕ್ರೂ ಬಿಗಿದೆ. ಸ್ಟಿಕ್ಕಿಗೆ ಬೆಲ್ಟ್ ಕೂಡ ಕಟ್ಟಿರಲಿಲ್ಲ ನೋಡಿ. ಹಾಗೆ ಬಿಡೋ ಮನುಷ್ಯನೇ ಅಲ್ಲ ಅವನು."

ಕೈರೇಡಿಯೋ ಒಂದನ್ನು ಅವಳ ಮಡಿಲಲ್ಲಿಟ್ಟ. ವಿಡಿಯೋ ತೆಗೆಯಲೆಂದು ತನ್ನ ಫೋನನ್ನು ದಿಶಾಳಿಗೆ ಕೊಟ್ಟ. "ಎಂದಿನ ಹಾಗೆ ನಂಬರ್ ಹೇಳಿ, ಅತ್ತಿಗೆ," ಎಂದು ಹೇಳಿ ಹೊರಟುಹೋದ.

*

ನಾಲ್ಕು ತಿಂಗಳಿಂದ ಅದೇ ಗೋಳು. ನೆಲದ ಮೇಲೆ ರೇಡಿಯೋ ಸ್ಪಷ್ಟ, ಮೇಲೆ ಹೋದರೆ ದನಿ ಸಾಯುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು ಚಿಣ್ಣಮ್ಮನ ಕೆಲಸ. ಮೇಲಿನಿಂದ "ಎಷ್ಟು?" ಎಂದು ಕೇಳಿದರೆ ಐದರಲ್ಲಿ ಎಷ್ಟು ಕೇಳಿಸಿತೆಂದು ಹೇಳಬೇಕು. ಮೂರು ಸಲ ಕೇಳಿಯೂ ನಂಬರ್ ಬರದಿದ್ದರೆ ಮುರಳೀಧರ ಮರುಮಾತಿಲ್ಲದೆ ಇಳಿಸಬೇಕು. ಮಾಚಯ್ಯ ಮಾಡಿದ ನಿಯಮ. ಮುರಳೀಧರ ಒಮ್ಮೆಯೂ ಮುರಿದಿರಲಿಲ್ಲ.

ಮಾಚಯ್ಯ ಎರಡು ಸಲ ಆಂಟೆನಾ ಬದಲಿಸಿದ, ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ನೆಲದ ಮೇಲಿನ ಪ್ರತಿ ಪರೀಕ್ಷೆಗೂ ಮೊದಲು, ಪೈಲಟ್ ಎಳೆದು ಮೂಗು ಎತ್ತುವ ಹಿಡಿಯಾದ ಸ್ಟಿಕ್ಕನ್ನು ಸೀಟ್ ಬೆಲ್ಟಿನಿಂದ ಬಿಗಿದು ಕಟ್ಟುತ್ತಿದ್ದ. ನಿಂತ ವಿಮಾನದ ಬಾಲ ಗಾಳಿಗೆ ಬಡಿದುಕೊಳ್ಳಬಾರದೆಂಬುದು ನೌಕರಿಯಲ್ಲಿ ಕೈಗೆ ಹತ್ತಿದ ಅಭ್ಯಾಸ.

"ಮೂಗು ಎತ್ತಿದಾಗಲೇ ದನಿ ಹೋಗುತ್ತೆ ರೀ," ಎಂದು ಅವಳು ಒಮ್ಮೆ ಹೇಳಿದಳು.

"ನಿನ್ನ ಕಿವಿಗಿಂತ ಮೀಟರ್ ವಾಸಿ."

ಆದರೆ ಮೊನ್ನೆ ಊಟಕ್ಕೆ ಕೂತವನು ಅನ್ನದ ಮೇಲೆ ಬೆರಳಿನಿಂದ ಅಕ್ಕಪಕ್ಕ ಎರಡು ಗೆರೆ ಎಳೆದ. ಆಮೇಲೆ ಹೇಳಿದ: "ಸ್ಟಿಕ್ಕಿನಿಂದ ಬಾಲಕ್ಕೆ ಹೋಗೋ ಉಕ್ಕಿನ ಹಗ್ಗ ಸೀಟಿನ ಕೆಳಗೆ ಆಂಟೆನಾ ವೈರಿನ ಪಕ್ಕದಲ್ಲೇ ಹೋಗುತ್ತೆ. ನಾಳೆ ಬೆಲ್ಟ್ ಬಿಚ್ಚಿ ಸ್ಟಿಕ್ ಆಡಿಸಿ ನೋಡ್ತೀನಿ."

*

ದಿಶಾ ಬೆಂಕಿ ಕೊಟ್ಟಳು. ಹೊಗೆ ಮೊದಲು ನೆಲದ ಮೇಲೆ ಹರಿದು ಆಮೇಲೆ ಎದ್ದಿತು. ದೂರದಲ್ಲಿ ಎಂಜಿನ್ ಸದ್ದು ಶುರುವಾಯಿತು.

ಚಿಣ್ಣಮ್ಮನ ಬೆರಳು ತಾನಾಗಿ ಸೆರಗಿನ ಗಂಟು ಬಿಚ್ಚಿತು. ತಂತಿಯನ್ನು ಬಗ್ಗಿಸಿದಳು. ಬಿಟ್ಟಳು. ಅದು ಚಟ್ಟನೆ ನೆಟ್ಟಗಾಯಿತು. ಮತ್ತೆ ಬಗ್ಗಿಸಿದಳು. ಮತ್ತೆ ನೆಟ್ಟಗಾಯಿತು. ತಾಮ್ರವಾಗಿದ್ದರೆ ಬಗ್ಗಿಸಿದಂತೆ ಬಿದ್ದಿರುತ್ತಿತ್ತು. ಮೂವತ್ತು ವರ್ಷ ಅವನ ಪ್ಯಾಂಟಿನ ಜೇಬಿನಿಂದ ತಾಮ್ರದ ಎಳೆ ಆರಿಸಿ ಬಟ್ಟೆ ಒಗೆದವಳು ಅವಳು. ಇದು ಬೆಳ್ಳಗಿತ್ತು. ಇದು ವೈರಿನದಲ್ಲ, ಹಗ್ಗದ್ದು. ಆ ಹಗ್ಗ ಎಳೆ ಎಳೆಯಾಗಿ ಹರಿಯುತ್ತಿತ್ತು. ಮೂಗು ಎತ್ತಲು ಎಳೆದಾಗಲೆಲ್ಲ ಹರಿದ ಎಳೆಗಳು ಪಕ್ಕದ ಆಂಟೆನಾ ವೈರಿಗೆ ಚುಚ್ಚಿ ದನಿ ನುಂಗುತ್ತಿದ್ದವು.

"ಫೋನ್ ಮಾಡು ಮುರಳಿಗೆ."

"ಅವರ ಫೋನ್ ನನ್ ಹತ್ರಾನೇ ಇದೆ, ಮಮ್ಮಿ."

ವಿಮಾನ ಮರಗಳ ಮೇಲೆ ಬಂತು. ಚಿಣ್ಣಮ್ಮ ಗುಂಡಿ ಒತ್ತಿದಳು. "ಮುರಳಿ, ಮೂಗು ಎತ್ತಬೇಡಿ. ಹಗ್ಗ ಹರೀತಿದೆ. ಇಳಿಸಿ."

ಕರಕರ ಸದ್ದಿನ ನಡುವೆ ದನಿ ಬಂತು. "ಏನೂ ಗೊತ್ತಾಗ್ತಿಲ್ಲ ಅತ್ತಿಗೆ. ನಂಬರ್ ಹೇಳಿ ಸಾಕು. ಎಷ್ಟು?"

ಮತ್ತೆ ಗುಂಡಿ ಒತ್ತಲು ಹೋದವಳು ತಡೆದಳು. ಅರ್ಧ ಮಾತು ಅವನಿಗೆ ನಂಬರಾಗಿ ಕೇಳಿಸಿದರೆ ಎರಡನೆಯ ಸುತ್ತಿಗೆ ಹೋಗುತ್ತಾನೆ. ಹೆಬ್ಬೆರಳನ್ನು ಗುಂಡಿಯಿಂದ ತೆಗೆದಳು.

"ಎಷ್ಟು?"

"ಮಮ್ಮಿ, ಜವಾಬ್ ಕೊಡು ನಾ. ಇಧರ್ ದೋ, ನಾನ್ ಹೇಳ್ತೀನಿ," ದಿಶಾ ಕೈ ಚಾಚಿದಳು. ಚಿಣ್ಣಮ್ಮ ರೇಡಿಯೋವನ್ನು ಎದೆಗೆ ಒತ್ತಿಕೊಂಡು ಅವಳಿಗೆ ಬೆನ್ನು ಹಾಕಿದಳು.

"ಹಠ ಮಾಡ್ಬೇಡ ತಂಗೀ," ಎಂದ ಅಚ್ಚಪ್ಪ. "ಪಾಪ, ಅವನು ಮಾಚುಗೋಸ್ಕರ ಹಾರ್ತಿದ್ದಾನೆ."

"ಎಷ್ಟು?" ಮೂರನೆಯ ಸಲ.

ಅವಳು ಹಲ್ಲು ಕಚ್ಚಿ ನಿಂತಳು. ವಿಮಾನ ಹೊಗೆಯನ್ನು ಸೀಳಿಕೊಂಡು ಮುಂದೆ ಹೋಯಿತು. ಎರಡನೆಯ ಸುತ್ತಿಗೆ ತಿರುಗಬೇಕಾದ ಜಾಗದಲ್ಲಿ ತಿರುಗಲಿಲ್ಲ. ಏರ್‌ಸ್ಟ್ರಿಪ್ ಕಡೆಗೆ ನೇರ ಹೊರಟಿತು. ಇಳಿಯುತ್ತ, ನೀಲಗಿರಿ ಮರಗಳ ಸಾಲಿನ ಹಿಂದೆ ಮರೆಯಾಯಿತು. ನೆಲ ಮುಟ್ಟುವ ಮುನ್ನ ಮೂಗನ್ನು ಒಂದು ಸಲ ಎತ್ತಲೇಬೇಕು. ಅದು ಅವಳಿಗೆ ಗೊತ್ತಿತ್ತು.

ಎಂಜಿನ್ ಸದ್ದು ನಿಂತಿತು. ಇಳಿದ ಮೇಲೂ ಹಾಗೆಯೇ ನಿಲ್ಲುತ್ತದೆ. ದಿಶಾಳ ಕೈಯಲ್ಲಿದ್ದ ಫೋನು ಖಾಲಿ ಆಕಾಶವನ್ನು ಚಿತ್ರೀಕರಿಸುತ್ತಲೇ ಇತ್ತು. ಚಿಣ್ಣಮ್ಮನ ಒಂದು ಕೈಯಲ್ಲಿ ರೇಡಿಯೋ ಸುಯ್ಯೆನ್ನುತ್ತಿತ್ತು. ಇನ್ನೊಂದು ಕೈಯ ಬೆರಳುಗಳ ನಡುವೆ ತಂತಿ ಬಗ್ಗುತ್ತ, ನೆಟ್ಟಗಾಗುತ್ತ, ಮತ್ತೆ ಬಗ್ಗುತ್ತಿತ್ತು.